ಹವ್ಯಾಸದಲ್ಲಿ ಹೊಳೆಯುವ ಹೊನ್ನು: ದಾನಿಗಳ ಜಾಡು ಹಿಡಿಯುವವರ ಲೋಕ

ಗಣೇಶನ ಹಬ್ಬಕ್ಕೆ ಎರಡು ವಾರವಿರುವಾಗ ಚಂದಾ ಪುಸ್ತಕ ಹಿಡಿದು ಬೀದಿಗಿಳಿಯುವ ಹುಡುಗರ ದಂಡನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಯಾವ ಮನೆಯಲ್ಲಿ ನೂರೊಂದು ರೂಪಾಯಿ ಕೇಳಬೇಕು, ಯಾವ ಮನೆಯಲ್ಲಿ ಐದು ಸಾವಿರದ ಒಂದು ಕೇಳಬೇಕು ಎಂಬುದನ್ನು ಅವರು ಗೇಟು ತೆರೆಯುವ ಮುನ್ನವೇ ನಿರ್ಧರಿಸಿಬಿಟ್ಟಿರುತ್ತಾರೆ. ಪೋರ್ಟಿಕೋದಲ್ಲಿ ನಿಂತಿರುವ ಕಾರು, ಒಳಗಿನಿಂದ ಬೊಗಳುವ ನಾಯಿಯ ತಳಿ, ತಾರಸಿಯ ಮೇಲಿನ ಹೂದೋಟ ಇವೇ ಅವರ ಪಾಲಿನ ಲೆಕ್ಕಪತ್ರ. ಆಳು ನೋಡಿ ಮಣೆ ಹಾಕು ಎಂಬ ಗಾದೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಕೆಲಸವನ್ನು ಕಚೇರಿಯಲ್ಲಿ ಕುಳಿತು, ಸಂಬಳ ಪಡೆದು, ಕ್ರಮಬದ್ಧವಾಗಿ ಮಾಡುವ ವೃತ್ತಿಯೊಂದು ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ದಶಕಗಳಿಂದ ಬೇರೂರಿದೆ. ಅದರ ಹೆಸರು ಪ್ರಾಸ್ಪೆಕ್ಟ್ ರಿಸರ್ಚ್. ಕನ್ನಡದಲ್ಲಿ ಇದನ್ನು ಸಂಭಾವ್ಯ ದಾನಿಗಳ ಸಂಶೋಧನೆ ಎನ್ನಬಹುದು. ವಿಶ್ವವಿದ್ಯಾಲಯ, ಆಸ್ಪತ್ರೆ, ವಸ್ತುಸಂಗ್ರಹಾಲಯ ಹಾಗೂ ಸೇವಾ ಸಂಸ್ಥೆಗಳಿಗೆ ದೊಡ್ಡ ಮೊತ್ತದ ದೇಣಿಗೆ ನೀಡಬಲ್ಲವರು ಯಾರು ಎಂಬುದನ್ನು ಪತ್ತೆಹಚ್ಚುವುದೇ ಈ ಸಂಶೋಧಕರ ಕಾಯಕ. ಈ ಹುಡುಕಾಟದಲ್ಲಿ ಅವರಿಗೆ ನೆರವಾಗುವ ಸಾಧನಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ವ್ಯಕ್ತಿಯ ಹವ್ಯಾಸ.

ಕುದುರೆ ಸಾಕುವವರು, ಹಾಯಿದೋಣಿ ನಡೆಸುವವರು, ಹಳೆಯ ಕಾರು ಕೂಡಿಡುವವರು, ಚಿತ್ರ ಸಂಗ್ರಹಿಸುವವರು ತಮಗರಿವಿಲ್ಲದೆಯೇ ತಮ್ಮ ಸಿರಿವಂತಿಕೆಯ ಹೆಜ್ಜೆಗುರುತುಗಳನ್ನು ಬಿಟ್ಟುಹೋಗುತ್ತಾರೆ. ಆ ಗುರುತುಗಳನ್ನು ಓದುವುದು ಹೇಗೆ? ಅವು ಎಲ್ಲಿ ಸುಳ್ಳು ಹೇಳುತ್ತವೆ? ಓದುವ ಹಕ್ಕು ಯಾರಿಗಿದೆ?

ಯಾರು ಈ ಸಂಶೋಧಕರು?

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಿಧಿ ಸಂಗ್ರಹಕ್ಕೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ದಾನಿಗಳನ್ನು ಭೇಟಿಯಾಗಿ ಮಾತುಕತೆ ನಡೆಸುವ ಅಧಿಕಾರಿಗಳು ಒಂದೆಡೆ. ಭೇಟಿಗೆ ಮುನ್ನ ಆ ದಾನಿಯ ಬಗ್ಗೆ ಟಿಪ್ಪಣಿ ಸಿದ್ಧಪಡಿಸಿಕೊಡುವ ಸಂಶೋಧಕರು ಇನ್ನೊಂದೆಡೆ. ಸಂಶೋಧಕರು ಸಾಮಾನ್ಯವಾಗಿ ದಾನಿಯ ಮುಖವನ್ನೇ ನೋಡಿರುವುದಿಲ್ಲ. ಅವರ ಕೆಲಸವೆಲ್ಲ ದಾಖಲೆಗಳ ನಡುವೆ. 1980ರ ದಶಕದ ಉತ್ತರಾರ್ಧದಲ್ಲಿ ಈ ವೃತ್ತಿಯವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಇಂದು ಅಪ್ರಾ ಎಂಬ ಹೆಸರಿನಿಂದ ಪ್ರಸಿದ್ಧ. ಅದಕ್ಕೆ ತನ್ನದೇ ಆದ ನೀತಿಸಂಹಿತೆಯೂ ಉಂಟು.

ಸಂಶೋಧಕರು ಪ್ರತಿಯೊಬ್ಬ ಸಂಭಾವ್ಯ ದಾನಿಯ ಬಗ್ಗೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಮೊದಲನೆಯದು ಶಕ್ತಿ: ಈ ವ್ಯಕ್ತಿ ಎಷ್ಟು ಕೊಡಬಲ್ಲರು? ಎರಡನೆಯದು ಒಲವು: ಅವರ ಮನಸ್ಸು ಯಾವ ವಿಷಯದತ್ತ ಹರಿಯುತ್ತದೆ? ಮೂರನೆಯದು ನಂಟು: ನಮ್ಮ ಸಂಸ್ಥೆಗೂ ಅವರಿಗೂ ಏನು ಸಂಬಂಧ? ಈ ಮೂರೂ ಒಂದೆಡೆ ಕೂಡಿದಾಗ ಮಾತ್ರ ಅಧಿಕಾರಿ ಅವರ ಬಾಗಿಲು ತಟ್ಟುವುದರಲ್ಲಿ ಅರ್ಥವಿದೆ.

ಶಕ್ತಿಯನ್ನು ಅಳೆಯಲು ಹಲವು ನೇರ ದಾರಿಗಳಿವೆ. ಅಮೆರಿಕದಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ನಿರ್ದೇಶಕರು ಮತ್ತು ಉನ್ನತಾಧಿಕಾರಿಗಳು ತಮ್ಮ ಕಂಪನಿಯ ಷೇರು ಕೊಂಡರೆ ಅಥವಾ ಮಾರಿದರೆ ಎರಡು ಕೆಲಸದ ದಿನಗಳೊಳಗೆ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ತಿಳಿಸಬೇಕು. ಆ ಮಾಹಿತಿ ಎಲ್ಲರಿಗೂ ಲಭ್ಯ. ಮನೆ, ಜಮೀನುಗಳ ತೆರಿಗೆ ಮೌಲ್ಯವನ್ನು ಬಹುತೇಕ ಕೌಂಟಿಗಳ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಖಾಸಗಿ ದತ್ತಿ ಪ್ರತಿಷ್ಠಾನಗಳು ವರ್ಷವರ್ಷವೂ ತೆರಿಗೆ ಇಲಾಖೆಗೆ ಸಲ್ಲಿಸುವ ವಿವರಪಟ್ಟಿಯಲ್ಲಿ ಯಾರಿಗೆ ಎಷ್ಟು ಕೊಟ್ಟೆವು ಎಂಬುದು ನಮೂದಾಗಿರುತ್ತದೆ, ಅದೂ ಬಹಿರಂಗವೇ.

ಆದರೆ ಈ ಬಲೆಗೆ ಬೀಳದ ಸಿರಿವಂತರು ಬಹಳಷ್ಟಿದ್ದಾರೆ. ಕುಟುಂಬದವರೇ ನಡೆಸುವ ಕಾರ್ಖಾನೆಯ ಒಡೆಯರು, ಹಲವು ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟವರು, ಪಿತ್ರಾರ್ಜಿತ ಆಸ್ತಿಯಿದ್ದವರು, ಕಂಪನಿ ಮಾರಿ ನಿವೃತ್ತರಾದವರು. ಇವರ ಹೆಸರು ಷೇರುಪೇಟೆಯ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಇಂಥವರನ್ನು ಹುಡುಕುವಾಗ ಹವ್ಯಾಸ ಸಂಶೋಧಕರ ಕೈಗೆ ಸಿಗುವ ದಾರದ ಎಳೆಯಾಗುತ್ತದೆ. ಮನುಷ್ಯ ತನ್ನ ಗಳಿಕೆಯ ಬಗ್ಗೆ ಮೌನವಾಗಿರುತ್ತಾನೆ, ಹವ್ಯಾಸದ ಬಗ್ಗೆ ಮಾತ್ರ ಮನಬಿಚ್ಚಿ ಮಾತನಾಡುತ್ತಾನೆ. ಬಹುಮಾನದ ಪಟ್ಟಿ, ಪ್ರದರ್ಶನದ ಕೈಪಿಡಿ, ಕ್ಲಬ್ಬಿನ ವಾರ್ತಾಪತ್ರ, ಹಳೆಯ ವಿದ್ಯಾರ್ಥಿಗಳ ಪತ್ರಿಕೆ ಎಲ್ಲೆಲ್ಲಿಯೂ ಆ ಮಾತು ಅಚ್ಚಾಗಿ ಉಳಿಯುತ್ತದೆ.

ಲಾಯದಲ್ಲಿ ಸಿಗುವ ಲೆಕ್ಕ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಶ್ವವಿದ್ಯಾಲಯವೊಂದಕ್ಕೆ ಹಳೆಯ ವಿದ್ಯಾರ್ಥಿನಿಯೊಬ್ಬರು ಇಪ್ಪತ್ತು ವರ್ಷಗಳಿಂದ ತಪ್ಪದೆ ವರ್ಷಕ್ಕೆ 100 ಡಾಲರ್ ಕಳುಹಿಸುತ್ತಿದ್ದಾರೆ. ಕಡತದಲ್ಲಿ ಅವರ ಉದ್ಯೋಗ ಗೃಹಿಣಿ ಎಂದಿದೆ. ಒಂದು ದಿನ ಅವರು ತಮ್ಮ ತರಗತಿಯ ಸುದ್ದಿ ಅಂಕಣಕ್ಕೆ ಎರಡು ಸಾಲು ಬರೆದು ಕಳುಹಿಸುತ್ತಾರೆ: ಮಕ್ಕಳು ದೊಡ್ಡವರಾಗಿದ್ದಾರೆ, ತಾವೀಗ ಕುದುರೆಗಳ ಆರೈಕೆಯಲ್ಲಿ ಮಗ್ನರು, ಈ ವರ್ಷ ತಮ್ಮ ಎರಡು ಮರಿಗಳು ಹರಾಜಿಗೆ ಹೋಗಿವೆ.

ಸಾಮಾನ್ಯ ಓದುಗನಿಗೆ ಇದು ಕ್ಷೇಮ ಸಮಾಚಾರ. ಸಂಶೋಧಕನಿಗೆ ಇದು ಬಾಗಿಲು. ಹರಾಜಿಗೆ ಹೋಗುವ ಕುದುರೆಮರಿಯ ಹಿಂದೆ ತಳಿ ಸಂವರ್ಧನೆಯಿದೆ. ಅದರ ಹಿಂದೆ ಹುಲ್ಲುಗಾವಲು, ಲಾಯ, ಕೆಲಸಗಾರರು, ಪಶುವೈದ್ಯರು ಇದ್ದಾರೆ. ಅಮೆರಿಕದ ಥರೋಬ್ರೆಡ್ ಕುದುರೆಗಳೆಲ್ಲ ಜಾಕಿ ಕ್ಲಬ್ಬಿನಲ್ಲಿ ನೋಂದಣಿಯಾಗಿರಬೇಕು. ಕೆಂಟಕಿ ರಾಜ್ಯದ ಕೀನ್‌ಲ್ಯಾಂಡಿನಂತಹ ಹರಾಜು ಕೇಂದ್ರಗಳು ಪ್ರತಿ ಕುದುರೆಯೂ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಪ್ರಕಟಿಸುತ್ತವೆ. ಬೆಂಗಳೂರು, ಮೈಸೂರುಗಳ ರೇಸ್ ಪುಸ್ತಕದಲ್ಲಿ ಇರುವಂತೆಯೇ ಅಲ್ಲಿನ ಪಂದ್ಯದ ಪಟ್ಟಿಯಲ್ಲಿಯೂ ಕುದುರೆಯ ಜೊತೆಗೆ ಮಾಲೀಕರ ಹೆಸರು ಅಚ್ಚಾಗುತ್ತದೆ. ಈ ಎಳೆ ಹಿಡಿದು ಹೊರಟ ಸಂಶೋಧಕ ಜಮೀನಿನ ದಾಖಲೆಯನ್ನು ತೆರೆಯುತ್ತಾನೆ. ಹುಲ್ಲುಗಾವಲು ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ, ಸಾಲವಿದೆಯೇ ಎಂಬುದು ತಿಳಿಯುತ್ತದೆ. ಗೃಹಿಣಿ ಎಂಬ ಒಂದು ಪದದ ಹಿಂದೆ ಒಂದು ಉದ್ಯಮವೇ ನಿಂತಿರುವುದು ಆಗ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹವ್ಯಾಸ ತಾನೇ ಸಾಕ್ಷ್ಯವಲ್ಲ. ಅದು ಸಾಕ್ಷ್ಯವಿರುವ ಕಡೆಗೆ ಕೈ ತೋರುವ ಮರ. ನುರಿತ ಸಂಶೋಧಕರು ಹವ್ಯಾಸದ ಸುಳಿವನ್ನು ಇನ್ನೆರಡು ಸ್ವತಂತ್ರ ದಾಖಲೆಗಳೊಂದಿಗೆ ತಾಳೆ ನೋಡದೆ ಟಿಪ್ಪಣಿಯಲ್ಲಿ ಬರೆಯುವುದಿಲ್ಲ.

ಆಗಸದಲ್ಲಿ, ನೀರಿನಲ್ಲಿ

ವಿಮಾನ ಹಾರಿಸುವುದು ಅಮೆರಿಕದಲ್ಲಿ ಜನಪ್ರಿಯ ಹವ್ಯಾಸ. ಅಲ್ಲಿ ನೋಂದಣಿಯಾದ ಪ್ರತಿ ವಿಮಾನದ ಸಂಖ್ಯೆಯೂ ಎನ್ ಅಕ್ಷರದಿಂದ ಆರಂಭವಾಗುತ್ತದೆ. ನಮ್ಮ ದೇಶದ ವಿಮಾನಗಳಿಗೆ ವಿಟಿ ಇರುವ ಹಾಗೆ. ಆ ಸಂಖ್ಯೆಯನ್ನು ಹಿಡಿದು ಫೆಡರಲ್ ವಾಯುಯಾನ ಆಡಳಿತದ ನೋಂದಣಿ ಪುಸ್ತಕದಲ್ಲಿ ವಿಮಾನದ ಮಾದರಿ, ತಯಾರಾದ ವರ್ಷ, ಮಾಲೀಕರ ಹೆಸರು ಮುಂತಾದವನ್ನು ನೋಡುವ ಸೌಲಭ್ಯ ಬಹುಕಾಲದಿಂದ ಇದೆ. ಆದರೆ ಅಮೆರಿಕದ ಸಂಸತ್ತು 2024ರಲ್ಲಿ ಅಂಗೀಕರಿಸಿದ ಕಾಯ್ದೆಯ ಪ್ರಕಾರ ಖಾಸಗಿ ವಿಮಾನದ ಮಾಲೀಕರು ತಮ್ಮ ಹೆಸರು, ವಿಳಾಸಗಳನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡಲು ಕೋರಬಹುದು. 2025ರ ಮಾರ್ಚ್‌ನಿಂದ ಇಂತಹ ಕೋರಿಕೆಗಳನ್ನು ಸ್ವೀಕರಿಸಲಾಗುತ್ತಿದೆ. ಅದಕ್ಕೂ ಮೊದಲಿನಿಂದಲೇ ದುಬಾರಿ ಜೆಟ್‌ಗಳನ್ನು ಕಂಪನಿಯ ಅಥವಾ ಟ್ರಸ್ಟಿನ ಹೆಸರಿನಲ್ಲಿ ನೋಂದಾಯಿಸುವ ವಾಡಿಕೆಯಿದೆ.

ವಿಮಾನವಿದೆ ಎಂದಾಕ್ಷಣ ಕೋಟ್ಯಧಿಪತಿ ಎಂದು ಭಾವಿಸುವುದೂ ತಪ್ಪು. ನಾಲ್ಕು ಆಸನಗಳ, ದಶಕಗಳಷ್ಟು ಹಳೆಯ ಸೆಸ್ನಾ ವಿಮಾನವನ್ನು ನಾಲ್ವರು ಗೆಳೆಯರು ಸೇರಿ ಕೊಂಡಿರಬಹುದು. ಅದರ ಬೆಲೆ ಸಾಧಾರಣ ಮನೆಯೊಂದಕ್ಕಿಂತ ಕಡಿಮೆಯಿದ್ದೀತು. ಹೀಗಾಗಿ ಸಂಶೋಧಕ ಕೊಳ್ಳುವ ಬೆಲೆಗಿಂತ ನಿರ್ವಹಣೆಯ ವೆಚ್ಚಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ, ಇಂಧನ, ದೊಡ್ಡ ವಿಮಾನವಾದರೆ ಪೈಲಟ್‌ಗಳ ಸಂಬಳ. ಒಮ್ಮೆ ಕೊಂಡದ್ದು ಅದೃಷ್ಟದ ಫಲವಿರಬಹುದು; ವರ್ಷಾನುವರ್ಷ ಸಾಕುತ್ತಿರುವುದು ನಿರಂತರ ಆದಾಯದ ಸೂಚನೆ.

ದೋಣಿಗಳ ವಿಷಯದಲ್ಲಿಯೂ ಇದೇ ತರ್ಕ. ಹಾಯಿದೋಣಿ ಪಂದ್ಯಗಳ ಫಲಿತಾಂಶದಲ್ಲಿ ದೋಣಿಯ ಹೆಸರು, ಉದ್ದ, ಮಾಲೀಕರ ಹೆಸರು ಇರುತ್ತವೆ. ದೋಣಿಯ ಉದ್ದ ಹೆಚ್ಚಿದಂತೆ ಅದನ್ನು ನಡೆಸಲು ಬೇಕಾದ ಸಿಬ್ಬಂದಿಯೂ ಹೆಚ್ಚುತ್ತಾರೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಹಳೆಯ ಕಾರುಗಳ ಪ್ರದರ್ಶನದಲ್ಲಿ ಪ್ರತಿ ಕಾರಿನ ಜೊತೆಗೂ ಅದರ ಒಡೆಯರ ಹೆಸರು ಇರುತ್ತದೆ. ಶ್ವಾನ ಪ್ರದರ್ಶನದ ಕೈಪಿಡಿ, ಗಾಲ್ಫ್ ಕ್ಲಬ್ಬಿನ ವಾರ್ಷಿಕ ಪಂದ್ಯದ ಪ್ರಾಯೋಜಕರ ಪಟ್ಟಿ ಇವೂ ಇದೇ ಸಾಲಿಗೆ ಸೇರುತ್ತವೆ.

ಗೋಡೆಯ ಮೇಲಿನ ಚೀಟಿ

ಕಲಾ ಸಂಗ್ರಹದ ಜಾಡು ಇನ್ನೂ ಸೂಕ್ಷ್ಮ. ವಸ್ತುಸಂಗ್ರಹಾಲಯಕ್ಕೆ ಹೋದಾಗ ನಾವು ಚಿತ್ರವನ್ನು ನೋಡುತ್ತೇವೆ. ಸಂಶೋಧಕ ಅದರ ಪಕ್ಕದ ಚೀಟಿಯನ್ನು ಓದುತ್ತಾನೆ. ಇಂಥವರ ಸಂಗ್ರಹದಿಂದ ಎರವಲು ಪಡೆದದ್ದು ಎಂಬ ಒಂದು ಸಾಲು ಅಲ್ಲಿರುತ್ತದೆ. ಪ್ರದರ್ಶನದ ಪುಸ್ತಕದಲ್ಲಿ ಎರವಲು ನೀಡಿದವರೆಲ್ಲರ ಪಟ್ಟಿ ಇರುತ್ತದೆ. ಹರಾಜು ಸಂಸ್ಥೆಗಳು ಮಾರಾಟದ ಬೆಲೆಯನ್ನು ಪ್ರಕಟಿಸುತ್ತವೆಯಾದರೂ ಕೊಂಡವರ ಹೆಸರನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಬೆಲೆ ಒಂದು ಕಡೆ, ಹೆಸರು ಇನ್ನೊಂದು ಕಡೆ. ಆ ಚಿತ್ರ ಹತ್ತು ವರ್ಷಗಳ ಬಳಿಕ ಎಲ್ಲಾದರೂ ಪ್ರದರ್ಶನಕ್ಕೆ ಬಂದಾಗ ಎರಡೂ ಕೂಡಿಕೊಳ್ಳುತ್ತವೆ.

ಹಣಕ್ಕಿಂತ ಮಿಗಿಲಾದ ಸುಳಿವು

ಇಲ್ಲಿಯವರೆಗಿನ ವಿವರಣೆಯನ್ನು ಓದಿದರೆ ಇದು ಕೇವಲ ಗಂಟಿನ ತೂಕ ನೋಡುವ ವಿದ್ಯೆ ಎನಿಸಬಹುದು. ಆದರೆ ಹವ್ಯಾಸ ಹೇಳುವ ಅತ್ಯಂತ ಬೆಲೆಬಾಳುವ ಮಾತು ಹಣದ್ದಲ್ಲ, ಮನಸ್ಸಿನದು. ಮೂರು ಪ್ರಶ್ನೆಗಳಲ್ಲಿ ಎರಡನೆಯದಾದ ಒಲವಿಗೆ ಉತ್ತರ ಸಿಗುವುದು ಇಲ್ಲಿಯೇ.

ಪಾಲ್ ಮೆಲನ್ ಅವರ ಬದುಕು ಇದಕ್ಕೆ ಶ್ರೇಷ್ಠ ನಿದರ್ಶನ. ಅಮೆರಿಕದ ಬ್ಯಾಂಕಿಂಗ್ ಮನೆತನದಲ್ಲಿ 1907ರಲ್ಲಿ ಹುಟ್ಟಿದ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಅವರಿಗೆ ಕುದುರೆಗಳ ಗೀಳು ಹತ್ತಿತು. 1936ರಲ್ಲಿ ಅವರು ಕೊಂಡ ಮೊದಲ ಬ್ರಿಟಿಷ್ ಚಿತ್ರ ಜಾರ್ಜ್ ಸ್ಟಬ್ಸ್ ಬರೆದದ್ದು. ಅದರಲ್ಲಿರುವುದು ಒಂದು ಕುದುರೆ ಮತ್ತು ಲಾಯದ ಹುಡುಗ. ಕುದುರೆಯ ಮೇಲಿನ ಪ್ರೀತಿ ಕುದುರೆಯ ಚಿತ್ರಗಳಿಗೆ, ಅಲ್ಲಿಂದ ಇಡೀ ಬ್ರಿಟಿಷ್ ಕಲೆಗೆ ಹರಡಿತು. ಅವರ ಕುದುರೆಗಳಲ್ಲಿ ಮಿಲ್ ರೀಫ್ 1971ರ ಎಪ್ಸಮ್ ಡರ್ಬಿಯನ್ನೂ, ಸೀ ಹೀರೋ 1993ರ ಕೆಂಟಕಿ ಡರ್ಬಿಯನ್ನೂ ಗೆದ್ದವು. ಚಿತ್ರಗಳು ಸೇರಿದ್ದು ಅವರು ಓದಿದ ವಿಶ್ವವಿದ್ಯಾಲಯಕ್ಕೆ. ಅವರ ಕೊಡುಗೆಯಿಂದ ರೂಪುಗೊಂಡ ಯೇಲ್ ಬ್ರಿಟಿಷ್ ಕಲಾ ಕೇಂದ್ರ 1977ರಲ್ಲಿ ಬಾಗಿಲು ತೆರೆಯಿತು. ಶಕ್ತಿ, ಒಲವು, ನಂಟು ಮೂರೂ ಒಂದೇ ಗೆರೆಯಲ್ಲಿ ಬಂದು ನಿಂತ ಪ್ರಸಂಗವಿದು.

ಸೌಂದರ್ಯವರ್ಧಕ ಉದ್ಯಮಿ ಲಿಯೊನಾರ್ಡ್ ಲಾಡರ್ ಅವರ ಕಥೆಯೂ ಸ್ವಾರಸ್ಯಕರ. ಬಾಲ್ಯದಲ್ಲಿ ತಮಗೆ ಸಿಗುತ್ತಿದ್ದ ಪುಡಿಗಾಸಿನಲ್ಲಿ ಅವರು ಎಂಪೈರ್ ಸ್ಟೇಟ್ ಕಟ್ಟಡದ ಚಿತ್ರವಿರುವ ಅಂಚೆ ಕಾರ್ಡುಗಳನ್ನು ಕೊಂಡಿದ್ದರು. ಕಾರ್ಡುಗಳ ಗೀಳು ಕೊನೆಯವರೆಗೂ ಬಿಡಲಿಲ್ಲ. ಲಕ್ಷಕ್ಕೂ ಮೀರಿದ ಆ ಸಂಗ್ರಹ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಪಾಲಾಯಿತು. ಕೂಡಿಡುವ ಅದೇ ಮನಸ್ಸು ಮುಂದೆ ಕ್ಯೂಬಿಸಂ ಚಿತ್ರಕಲೆಯತ್ತ ತಿರುಗಿತು. 2013ರಲ್ಲಿ ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ವಾಗ್ದಾನ ಮಾಡಿದ 78 ಕೃತಿಗಳಲ್ಲಿ 33 ಪಿಕಾಸೊ ಅವರವು, 17 ಬ್ರಾಕ್ ಅವರವು. ಅದರ ಮೌಲ್ಯ ನೂರು ಕೋಟಿ ಡಾಲರಿಗೂ ಅಧಿಕ ಎಂದು ಆಗ ಅಂದಾಜಿಸಲಾಗಿತ್ತು. 2025ರಲ್ಲಿ ಲಾಡರ್ ನಿಧನರಾದರು. ಅಂಚೆ ಕಾರ್ಡು ಕೊಳ್ಳುವ ಹುಡುಗನಲ್ಲಿ ಹಣವೇನೂ ಇರಲಿಲ್ಲ. ಇದ್ದದ್ದು ಒಂದು ಬಗೆಯ ಪ್ರೀತಿ. ಆ ಪ್ರೀತಿಯೇ ಕಡೆಗೆ ದಾನದ ದಿಕ್ಕನ್ನು ನಿರ್ಧರಿಸಿತು.

ಆದ್ದರಿಂದಲೇ ಅನುಭವಿ ಸಂಶೋಧಕರು ಹವ್ಯಾಸವನ್ನು ತಕ್ಕಡಿಯಂತೆ ಬಳಸುವುದಕ್ಕಿಂತ ದಿಕ್ಸೂಚಿಯಂತೆ ಬಳಸುವುದು ಲೇಸೆಂದು ಬಲ್ಲರು. ಪಕ್ಷಿವೀಕ್ಷಣೆಯಲ್ಲಿ ಮೈಮರೆಯುವವರ ಮುಂದೆ ಕ್ರೀಡಾಂಗಣದ ನಕ್ಷೆ ಹರಡಿದರೆ ಬರುವುದು ಸೌಜನ್ಯದ ನಗೆ ಮಾತ್ರ. ಅವರಲ್ಲಿ ಕೆರೆಯ ಸಂರಕ್ಷಣೆಯ ಅಧ್ಯಯನಕ್ಕೆ ನೆರವು ಕೇಳಿದರೆ ಮಾತುಕತೆ ಮುಂದುವರಿಯುತ್ತದೆ.

ಸುಳಿವು ಸುಳ್ಳಾಡಿದಾಗ

ಹವ್ಯಾಸದ ಲೆಕ್ಕ ಎರಡು ಬಗೆಯಲ್ಲಿ ತಪ್ಪುತ್ತದೆ. ಮೊದಲನೆಯದು, ಖರ್ಚನ್ನು ಸಂಪತ್ತೆಂದು ಭ್ರಮಿಸುವುದು. ಹವ್ಯಾಸ ತೋರಿಸುವುದು ಕೈಬಿಟ್ಟುಹೋದ ಹಣವನ್ನು, ಉಳಿದಿರುವ ಹಣವನ್ನಲ್ಲ.

2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಹರಾಜಿನಲ್ಲಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ 1.6 ಕೋಟಿ ಡಾಲರಿಗೆ ಮಾರಾಟವಾಯಿತು. ಅದು ಓಡಿದ್ದು ಮೂರೇ ಪಂದ್ಯ, ಗೆದ್ದದ್ದು ಒಂದೂ ಇಲ್ಲ, ಗಳಿಸಿದ್ದು 10,440 ಡಾಲರ್. ಕುದುರೆ ಕೊಂಡವರ ಬಳಿ ಕುದುರೆಯ ಬೆಲೆಯಷ್ಟು ಆಸ್ತಿ ಉಳಿದಿದೆ ಎಂದು ಬರೆದಿಡುವ ಸಂಶೋಧಕ ಹೀಗೆ ಬೇಸ್ತು ಬೀಳುತ್ತಾನೆ.

ಕರ್ನಾಟಕದ ಓದುಗರಿಗೆ ಇನ್ನೂ ಹತ್ತಿರದ ಪಾಠ ವಿಜಯ್ ಮಲ್ಯ ಅವರದು. ರೇಸ್ ಕುದುರೆಗಳು, ಹಳೆಯ ಕಾರುಗಳು, ಇಂಡಿಯನ್ ಎಂಪ್ರೆಸ್ ಎಂಬ ವಿಲಾಸಿ ನೌಕೆ, ಹರಾಜಿನಲ್ಲಿ ಕೊಂಡ ಟಿಪ್ಪು ಸುಲ್ತಾನನ ಖಡ್ಗ ಇವೆಲ್ಲ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದವು. ಹವ್ಯಾಸವನ್ನಷ್ಟೇ ನೋಡಿದವನಿಗೆ ಕಾಣುತ್ತಿದ್ದುದು ಬರಿದಾಗದ ಬೊಕ್ಕಸ. ಆದರೆ ಕಿಂಗ್‌ಫಿಶರ್ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. 2018ರಲ್ಲಿ ಆ ನೌಕೆಯನ್ನೇ ಸಿಬ್ಬಂದಿಯ ಸಂಬಳ ಬಾಕಿಯ ಕಾರಣಕ್ಕೆ ಮಾಲ್ಟಾದಲ್ಲಿ ತಡೆಹಿಡಿಯಲಾಯಿತು. ಆಸ್ತಿಯ ಪಕ್ಕದಲ್ಲಿಯೇ ಸಾಲದ ಪಟ್ಟಿಯನ್ನೂ ಇರಿಸಿಕೊಂಡು ನೋಡಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕೆಲವೊಮ್ಮೆ ಸಂಗ್ರಹ ದೊಡ್ಡದಿದ್ದರೂ ಸಂಗ್ರಾಹಕರು ಸಿರಿವಂತರಾಗಿರುವುದೇ ಇಲ್ಲ. ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ದಂಪತಿಯಲ್ಲಿ ಪತಿ ಅಂಚೆ ಕಚೇರಿಯ ಗುಮಾಸ್ತ, ಪತ್ನಿ ಗ್ರಂಥಪಾಲಕಿ. ಪತ್ನಿಯ ಸಂಬಳದಲ್ಲಿ ಸಂಸಾರ, ಪತಿಯ ಸಂಬಳದಲ್ಲಿ ಕಲಾಕೃತಿಗಳು ಎಂಬುದು ಅವರ ನಿಯಮ. ಒಂದೇ ಮಲಗುವ ಕೋಣೆಯಿದ್ದ ಮನೆಯಲ್ಲಿ ಅವರು ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕೂಡಿಹಾಕಿದರು. 1992ರಲ್ಲಿ ಅವರ ಸಂಗ್ರಹ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯ ಕಡೆಗೆ ಹೊರಟಿತು. 2008ರಲ್ಲಿ ಪ್ರಕಟವಾದ ಯೋಜನೆಯಂತೆ ಐವತ್ತು ರಾಜ್ಯಗಳಿಗೂ ತಲಾ ಐವತ್ತು ಕೃತಿಗಳು ಸಂದವು. ನಮ್ಮಲ್ಲಿಯೇ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರಾಗಿ, ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದು, ಲಕ್ಷಾಂತರ ಪುಸ್ತಕಗಳ ಮನೆಯನ್ನೇ ಕಟ್ಟಿದ್ದಾರೆ. ಇಂಥವರಲ್ಲಿ ಹಣ ಹುಡುಕುವುದು ಅವಿವೇಕ. ಅವರು ತಮ್ಮ ದಾನವನ್ನು ಆಗಲೇ ವಸ್ತುವಾಗಿ ಮಾಡಿಟ್ಟಿದ್ದಾರೆ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದುದು: ದುಬಾರಿ ಹವ್ಯಾಸವಿಲ್ಲದವರನ್ನು ಬಡವರೆಂದು ಬದಿಗಿಡುವುದು. ತುಂಬಿದ ಕೊಡ ತುಳುಕುವುದಿಲ್ಲವಷ್ಟೆ. ವಿಮಾನ ನಿಲ್ದಾಣಗಳ ಸುಂಕರಹಿತ ಮಳಿಗೆಗಳಿಂದ ಅಪಾರ ಸಂಪತ್ತು ಗಳಿಸಿದ ಚಕ್ ಫೀನಿ ಪ್ಲಾಸ್ಟಿಕ್ ಕೈಗಡಿಯಾರ ಕಟ್ಟುತ್ತಿದ್ದರು, ಮನೆ, ಕಾರುಗಳ ಗೋಜಿಗೆ ಹೋಗದೆ ಬದುಕುತ್ತಿದ್ದರು. 1982ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ ಮೂಲಕ ಅವರು ಹೆಸರು ಮರೆಮಾಡಿಯೇ ದಾನ ಮಾಡುತ್ತಿದ್ದುದು 1997ರಲ್ಲಷ್ಟೇ ಲೋಕಕ್ಕೆ ತಿಳಿಯಿತು. ಅವರು ಓದಿದ ಕಾರ್ನೆಲ್ ವಿಶ್ವವಿದ್ಯಾಲಯವೂ ಸೇರಿದಂತೆ ನಾನಾ ಸಂಸ್ಥೆಗಳಿಗೆ ಒಟ್ಟು 800 ಕೋಟಿ ಡಾಲರಿನಷ್ಟು ಹಂಚಿ, 2020ರಲ್ಲಿ ಪ್ರತಿಷ್ಠಾನವನ್ನು ಮುಚ್ಚಿ, 2023ರಲ್ಲಿ ಅವರು ಕಣ್ಮುಚ್ಚಿದರು.

ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೋ ಪಟ್ಟಣದ ರೊನಾಲ್ಡ್ ರೀಡ್ ಪೆಟ್ರೋಲ್ ಬಂಕಿನಲ್ಲಿ ದುಡಿದು, ಬಳಿಕ ಅಂಗಡಿಯೊಂದರಲ್ಲಿ ಕಸಗುಡಿಸುತ್ತಿದ್ದವರು. ಕೋಟಿನ ಗುಂಡಿ ಹೋದರೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. 2014ರಲ್ಲಿ, 92ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಸುಮಾರು 80 ಲಕ್ಷ ಡಾಲರ್ ಆಸ್ತಿ ಬಿಟ್ಟುಹೋಗಿದ್ದು ಬೆಳಕಿಗೆ ಬಂತು. ಊರಿನ ಆಸ್ಪತ್ರೆಗೆ 48 ಲಕ್ಷ, ಗ್ರಂಥಾಲಯಕ್ಕೆ 12 ಲಕ್ಷ ಡಾಲರ್ ಬರೆದಿಟ್ಟಿದ್ದರು. ಅವರಿಗೂ ಹವ್ಯಾಸಗಳಿದ್ದವು: ಕಟ್ಟಿಗೆ ಒಡೆಯುವುದು ಮತ್ತು ದಿನವೂ ವಾಲ್ ಸ್ಟ್ರೀಟ್ ಜರ್ನಲ್ ಓದುವುದು. ಷೇರು ಕೊಂಡು ದಶಕಗಟ್ಟಲೆ ಕಾದಿಡುವ ಸಹನೆ ಅವರ ಗುಟ್ಟಾಗಿತ್ತು. ಆ ಪತ್ರಿಕೆಯನ್ನು ಕಂಡವರು ಅನೇಕರಿದ್ದರು. ಅದನ್ನು ಸುಳಿವೆಂದು ತಿಳಿದವರು ಯಾರೂ ಇರಲಿಲ್ಲ.

ಗೆರೆ ಎಲ್ಲಿದೆ?

ಇಷ್ಟೆಲ್ಲ ಓದಿದ ಬಳಿಕ ಒಂದು ಅಳುಕು ಮೂಡುವುದು ಸಹಜ. ನಾನು ನೂರು ರೂಪಾಯಿ ಕೊಟ್ಟ ಮಾತ್ರಕ್ಕೆ ಯಾರೋ ನನ್ನ ನಾಯಿ, ದೋಣಿ, ಜಮೀನುಗಳ ಪಟ್ಟಿ ಮಾಡಬಹುದೇ? ಈ ಪ್ರಶ್ನೆ ಪಾಶ್ಚಾತ್ಯ ದೇಶಗಳಲ್ಲಿ ಆಗಲೇ ನ್ಯಾಯದ ಕಟ್ಟೆ ಏರಿದೆ.

ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2016ರ ಡಿಸೆಂಬರಿನಲ್ಲಿ ಎರಡು ಹೆಸರಾಂತ ಸಂಸ್ಥೆಗಳಿಗೆ ದಂಡ ವಿಧಿಸಿತು. ಪ್ರಾಣಿದಯಾ ಸಂಸ್ಥೆಯಾದ ಆರ್‌ಎಸ್‌ಪಿಸಿಎಗೆ 25,000 ಪೌಂಡ್, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ 18,000 ಪೌಂಡ್. ದಾನಿಗಳಿಗೆ ತಿಳಿಸದೆಯೇ ಅವರ ಹೆಸರುಗಳನ್ನು ಸಂಪತ್ತು ಅಳೆಯುವ ಕಂಪನಿಗಳಿಗೆ ಕೊಟ್ಟು ಜರಡಿ ಹಿಡಿಸಿದ್ದು ಅವುಗಳ ಮೇಲಿನ ದೋಷಗಳಲ್ಲಿ ಮುಖ್ಯವಾದುದು. 2017ರ ಏಪ್ರಿಲ್‌ನಲ್ಲಿ ಇನ್ನೂ 11 ಸೇವಾ ಸಂಸ್ಥೆಗಳು ದಂಡ ತೆತ್ತವು. ದಾಖಲೆ ಬಹಿರಂಗವಾಗಿದೆ ಎಂದ ಮಾತ್ರಕ್ಕೆ ಅದನ್ನು ಹೇಗೆ ಬೇಕಾದರೂ ಜೋಡಿಸಬಹುದು ಎಂದರ್ಥವಲ್ಲ ಎಂಬ ಸಂದೇಶ ಅಲ್ಲಿತ್ತು.

ಅಮೆರಿಕದಲ್ಲಿ ನಿಯಮಗಳು ಸಡಿಲವಾಗಿದ್ದರೂ ಬೇಲಿಗಳಿಲ್ಲದಿಲ್ಲ. ರಾಜಕೀಯ ಅಭ್ಯರ್ಥಿಗೆ 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರು ಚುನಾವಣಾ ಆಯೋಗದ ದಾಖಲೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಆದರೆ ಆ ಪಟ್ಟಿಯಲ್ಲಿರುವ ವ್ಯಕ್ತಿಗಳ ಹೆಸರನ್ನು ದೇಣಿಗೆ ಕೇಳುವುದಕ್ಕೆ ಬಳಸಬಾರದೆಂದು ಕಾನೂನು ನಿಷೇಧಿಸಿದೆ.

ಸಂಗ್ರಹಿಸಿದ ಮಾಹಿತಿ ಕಳವಾಗುವ ಅಪಾಯ ಇನ್ನೊಂದು. ಸೇವಾ ಸಂಸ್ಥೆಗಳಿಗೆ ದಾನಿಗಳ ಕಡತ ನಿರ್ವಹಿಸುವ ತಂತ್ರಾಂಶ ಒದಗಿಸುವ ಬ್ಲ್ಯಾಕ್‌ಬಾಡ್ ಕಂಪನಿಯ ಗಣಕಗಳಿಗೆ 2020ರಲ್ಲಿ ಕನ್ನಗಳ್ಳರು ನುಗ್ಗಿದರು. ಹದಿಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿ ಅದರಲ್ಲಿ ಸಿಲುಕಿತ್ತು. 2023ರಲ್ಲಿ ಕಂಪನಿ ಅಮೆರಿಕದ ರಾಜ್ಯಗಳಿಗೆ 4.95 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ದಾನ ಮಾಡಿದವರು ಇದ್ಯಾವುದನ್ನೂ ಊಹಿಸಿರಲಿಲ್ಲ.

ಹೀಗಾಗಿ ವೃತ್ತಿಯಲ್ಲಿ ಪಳಗಿದವರು ತಮಗೆ ತಾವೇ ಹಾಕಿಕೊಳ್ಳುವ ಕಟ್ಟುಪಾಡುಗಳಿವೆ. ಸಾರ್ವಜನಿಕ ಮೂಲದಿಂದ ಮಾತ್ರ ಮಾಹಿತಿ ಪಡೆಯುವುದು, ಸುಳ್ಳು ಹೆಸರು ಹೇಳಿ ವಿಚಾರಿಸದಿರುವುದು, ದಾನಕ್ಕೆ ಸಂಬಂಧವಿಲ್ಲದ ಕೌಟುಂಬಿಕ ವಿಷಯಗಳನ್ನು ಬರೆಯದಿರುವುದು. ಇವೆಲ್ಲಕ್ಕೂ ಮಿಗಿಲಾಗಿ ಒಂದು ಸರಳ ಪರೀಕ್ಷೆಯಿದೆ: ನಾಳೆ ದಾನಿಯೇ ಬಂದು ತಮ್ಮ ಕಡತವನ್ನು ತೆರೆದು ಓದಿದರೆ ನಾವು ತಲೆ ತಗ್ಗಿಸಬೇಕಾಗುವುದೇ?

ನಮ್ಮಲ್ಲಿ ಹೇಗೆ?

ಭಾರತದಲ್ಲಿಯೂ ಉನ್ನತ ಶಿಕ್ಷಣ ಸಂಸ್ಥೆಗಳು ಹಳೆಯ ವಿದ್ಯಾರ್ಥಿಗಳ ಕಡೆಗೆ ಮುಖ ಮಾಡಿವೆ. ಹವ್ಯಾಸವೇ ಸಂಸ್ಥೆಯಾಗಿ ಅರಳಿದ ನಿದರ್ಶನ ಬೆಂಗಳೂರಿನಲ್ಲಿಯೇ ಉಂಟು. ಉದ್ಯಮಿ ಅಭಿಷೇಕ್ ಪೊದ್ದಾರ್ ಅವರ ಕಲಾ ಸಂಗ್ರಹವೇ ಬುನಾದಿಯಾಗಿ ರೂಪುಗೊಂಡ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ 2023ರ ಫೆಬ್ರವರಿಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಕಾನೂನಿನ ಮಾತಿಗೆ ಬಂದರೆ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಅದರಲ್ಲಿ ಓದುಗರು ನೆನಪಿಡಬೇಕಾದ ಒಂದು ಅಂಶವಿದೆ: ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ವೈಯಕ್ತಿಕ ಮಾಹಿತಿಗೆ ಈ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ. ವಿದೇಶ ಪ್ರವಾಸದ ಚಿತ್ರ, ಹೊಸ ಬೈಕಿನ ಚಿತ್ರ, ಗಾಲ್ಫ್ ಮೈದಾನದ ಚಿತ್ರಗಳನ್ನು ಅಂತರ್ಜಾಲದಲ್ಲಿ ನಾವೇ ಹರಡಿದ ಮೇಲೆ ಅವುಗಳನ್ನು ಓದುವವರು ಸದುದ್ದೇಶದ ಸಂಶೋಧಕರೇ ಆಗಿರಬೇಕೆಂದಿಲ್ಲ.

ನಮ್ಮ ಊರಿನ ಶಾಲೆ, ಗ್ರಂಥಾಲಯ, ಅನಾಥಾಲಯಗಳನ್ನು ನಡೆಸುವವರಿಗೆ ಈ ವಿದ್ಯೆಯಿಂದ ಕಲಿಯುವುದು ಬಹಳಷ್ಟಿದೆ. ಅದಕ್ಕೆ ದುಬಾರಿ ತಂತ್ರಾಂಶವಾಗಲಿ, ಗುಟ್ಟಿನ ಕಡತವಾಗಲಿ ಬೇಕಿಲ್ಲ. ಶತಮಾನೋತ್ಸವಕ್ಕೆ ಹಣ ಕೂಡಿಸಲು ಹೊರಟ ಶಾಲೆಯ ಸಮಿತಿ ಕಾರಿನ ಉದ್ದ ಅಳೆಯುವ ಬದಲು, ಈ ಹಳೆಯ ವಿದ್ಯಾರ್ಥಿಗೆ ಯಾವುದರಲ್ಲಿ ಆಸಕ್ತಿ ಎಂದು ನೇರವಾಗಿ ಕೇಳಿದರೆ ಸಾಕು. ನಾಟಕದ ಹುಚ್ಚಿರುವವರು ರಂಗಮಂದಿರಕ್ಕೆ, ಚಾರಣದ ಹುಚ್ಚಿರುವವರು ಮಕ್ಕಳ ಪ್ರವಾಸಕ್ಕೆ, ಪುಸ್ತಕದ ಹುಚ್ಚಿರುವವರು ವಾಚನಾಲಯಕ್ಕೆ ತಾವಾಗಿಯೇ ಕೈಜೋಡಿಸುತ್ತಾರೆ.

ಕುದುರೆ, ದೋಣಿ, ಚಿತ್ರಗಳು ಹೇಳುವುದು ಹಣ ಎಲ್ಲಿ ಹೋಯಿತು ಎಂಬುದನ್ನು. ಮನಸ್ಸು ಎಲ್ಲಿದೆ ಎಂಬುದನ್ನು ಕೇಳಿಸಿಕೊಂಡವರಿಗೇ ದಾನ ದಕ್ಕುತ್ತದೆ. ಬ್ರ್ಯಾಟಲ್‌ಬರೋ ಗ್ರಂಥಾಲಯ ಪಿನ್ನು ಚುಚ್ಚಿದ ಕೋಟಿನ ಓದುಗನನ್ನು ಎಂದೂ ಅಳೆದಿರಲಿಲ್ಲ. ಬಂದಾಗಲೆಲ್ಲ ಪುಸ್ತಕ ಕೊಟ್ಟಿತ್ತು, ಅಷ್ಟೆ.